ಬಾಯಿಪಾಠ ಮಾಡಿದ್ದು ವೇದಿಕೆ ಮೇಲೆ ಮರೆತುಹೋಯಿತು, ಈಗ ಎಲ್ಲಿಂದ ಕಲಿಯಲಿ?

ಪ್ರಶ್ನೆ: ಮೇಡಂ, ನಾನು ಬಿ.ಕಾಂ ಮೊದಲ ವರ್ಷದ ವಿದ್ಯಾರ್ಥಿನಿ. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತೇನೆ. ಹೈಸ್ಕೂಲಿನಲ್ಲಿ ಪ್ರತಿಭಾ ಕಾರಂಜಿಯ ಭಾಷಣಕ್ಕೆ ತಾಲ್ಲೂಕು ಮಟ್ಟದವರೆಗೂ ಹೋಗಿದ್ದೆ. ಹೋದ ತಿಂಗಳು ಮೊದಲ ಸಲ ಅಂತರ ಕಾಲೇಜು ಚರ್ಚಾ ಸ್ಪರ್ಧೆಗೆ ಹೋದೆ. ‘ಒಂದು ದೇಶ, ಒಂದು ಚುನಾವಣೆ ಬೇಕು’ ಅನ್ನುವುದು ವಿಷಯ, ನಾನು ವಿರೋಧ. ನಾಲ್ಕು ನಿಮಿಷ ಟೈಮು. ಮೂರು ಪುಟ ಬರೆದು ಬಾಯಿಪಾಠ ಮಾಡಿದ್ದೆ. ಎರಡನೇ ನಿಮಿಷದಲ್ಲಿ ಒಂದು ಸಾಲು ಮರೆತುಹೋಯಿತು, ಆಮೇಲೆ ಏನೂ ನೆನಪಾಗಲಿಲ್ಲ. ಧನ್ಯವಾದ ಹೇಳಿ ಇಳಿದುಬಿಟ್ಟೆ. ಮೊದಲಿನಿಂದ ಸರಿಯಾಗಿ ಕಲಿಯಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಆಶುಭಾಷಣಕ್ಕೂ ಹೆಸರು ಕೊಡಬಹುದಾ? ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.

ಉತ್ತರ: ‘ಒಂದು ಸಾಲು ಮರೆತುಹೋಯಿತು, ಆಮೇಲೆ ಏನೂ ನೆನಪಾಗಲಿಲ್ಲ.’ ನಿಮ್ಮ ತೊಂದರೆ ಪೂರ್ತಿ ಈ ಒಂದು ಸಾಲಿನಲ್ಲೇ ಇದೆ ನೋಡಿ. ನಿಮಗೆ ಧೈರ್ಯ ಕಮ್ಮಿ ಅಂತ ನನಗೆ ಅನ್ನಿಸುವುದಿಲ್ಲ, ಧೈರ್ಯ ಇಲ್ಲದವರು ಎರಡು ನಿಮಿಷ ಮಾತಾಡುವುದೇ ಇಲ್ಲ. ಬಾಯಿಪಾಠದ ಗುಣವೇ ಅದು. ಹದಿಮೂರರ ಮಗ್ಗಿ ಹೇಳುವಾಗ ಮಧ್ಯೆ ಯಾರಾದರೂ ಮಾತಾಡಿಸಿದರೆ ಮತ್ತೆ ಹದಿಮೂರೊಂದ್ಲೆಯಿಂದಲೇ ಶುರು ಮಾಡಬೇಕು, ಅಲ್ವಾ? ಪದಕ್ಕೆ ಪದ ಗಂಟು ಹಾಕಿ ಇಟ್ಟುಕೊಂಡಿರುತ್ತೇವೆ. ಒಂದು ಗಂಟು ಬಿಚ್ಚಿತು ಅಂದರೆ ಮುಂದಿನದೆಲ್ಲ ಹೋಯಿತು.

ಇನ್ನೊಂದು ಲೆಕ್ಕವೂ ಇದೆ. ಕನ್ನಡದಲ್ಲಿ ಎದುರಿನವರಿಗೆ ಅರ್ಥವಾಗುವ ಹಾಗೆ ಮಾತಾಡಿದರೆ ನಿಮಿಷಕ್ಕೆ ನೂರು ಪದದ ಆಸುಪಾಸು ಆಗುತ್ತದೆ. ಇದು ನನ್ನ ವಿದ್ಯಾರ್ಥಿಗಳ ರೆಕಾರ್ಡಿಂಗ್ ಕೇಳಿ ಕೇಳಿ ನಾನೇ ಎಣಿಸಿದ್ದು. ನಮ್ಮ ಪದಗಳು ಉದ್ದ, ಪ್ರತ್ಯಯ ಎಲ್ಲ ಬಾಲಕ್ಕೆ ಅಂಟಿಕೊಂಡಿರುತ್ತವೆ, ಅದಕ್ಕೇ ಪದದ ಸಂಖ್ಯೆ ಕಮ್ಮಿ. ನಾಲ್ಕು ನಿಮಿಷಕ್ಕೆ ನಾನೂರು ಪದ ಅಂದುಕೊಳ್ಳಿ. ಮೂರು ಪುಟ ಒತ್ತಾಗಿ ಬರೆದಿದ್ದರೆ ಆರುನೂರು ದಾಟಿರುತ್ತದೆ. ಅಂದರೆ ವೇದಿಕೆ ಹತ್ತುವ ಮೊದಲೇ ನೀವು ಓಡಬೇಕಾದ ಸ್ಥಿತಿಯಲ್ಲಿದ್ದಿರಿ. ಓಡುವವರಿಗೆ ಉಸಿರು ಸಾಲುವುದಿಲ್ಲ, ಉಸಿರು ಸಾಲದಿದ್ದರೆ ನೆನಪೂ ಕೈಕೊಡುತ್ತದೆ.

ಹೈಸ್ಕೂಲಿನ ಭಾಷಣಕ್ಕೆ ಬಾಯಿಪಾಠ ನಡೆಯುತ್ತದೆ. ಅಲ್ಲಿ ಮಗು ಹೆದರದೆ, ಸ್ಪಷ್ಟವಾಗಿ, ಅಭಿನಯದ ಜೊತೆ ಹೇಳಿತಾ ಅಂತ ನೋಡುತ್ತಾರೆ. ಅದು ತಪ್ಪಲ್ಲ, ಆ ವಯಸ್ಸಿಗೆ ಅದೇ ಬೇಕಾದದ್ದು. ಕಾಲೇಜಿಗೆ ಬಂದ ಮೇಲೆ ಆಟ ಬೇರೆ. ಈ ಬದಲಾವಣೆಯನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ, ಅದು ನನಗೆ ನಿಜಕ್ಕೂ ಬೇಜಾರು. ಕ್ಲಸ್ಟರ್‌, ತಾಲ್ಲೂಕು ಅಂತ ಗೆದ್ದು ಬಂದ ಎಷ್ಟು ಒಳ್ಳೆಯ ಮಕ್ಕಳು ಪದವಿಯ ಮೊದಲ ಸ್ಪರ್ಧೆಯಲ್ಲೇ ಹೀಗೆ ನಿಂತುಬಿಟ್ಟು, ಇದು ನನ್ನ ಕೈಲಾಗಲ್ಲ ಅಂತ ವಾಪಸ್‌ ಹೋಗಿದ್ದಾರೆ.

ತೀರ್ಪುಗಾರರ ಟೇಬಲ್ಲಿನಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನಾನು ಅಲ್ಲಿ ತುಂಬ ಸಲ ಕೂತಿದ್ದೇನೆ. ಎದುರಿಗೆ ಒಂದು ಹಾಳೆ. ಎಡಗಡೆ ನಂಬರು, ಹೆಸರು ಇರುವುದಿಲ್ಲ. ಪಕ್ಕದಲ್ಲಿ ಮೂರ‍್ನಾಲ್ಕು ಮನೆ: ವಿಷಯ ಮಂಡನೆ, ಭಾಷೆ, ನಿರೂಪಣೆ, ಪ್ರತಿವಾದ. ಹತ್ತು ಗಂಟೆಗೆ ಶುರುವಾದ ಸ್ಪರ್ಧೆ ಊಟದ ಹೊತ್ತಿಗೆ ಹದಿನೈದನೇ ನಂಬರಿಗೆ ಬಂದಿರುತ್ತದೆ. ಅಷ್ಟು ಹೊತ್ತಿಗೆ ‘ಮಾನ್ಯ ಅಧ್ಯಕ್ಷರೇ, ನಿಷ್ಪಕ್ಷಪಾತ ತೀರ್ಪು ನೀಡಲು ಆಸೀನರಾಗಿರುವ ತೀರ್ಪುಗಾರರೇ, ನನ್ನ ನೆಚ್ಚಿನ ಸಹಸ್ಪರ್ಧಿಗಳೇ’ ಅನ್ನುವ ಸಾಲನ್ನು ಹದಿನೈದು ಸಲ ಕೇಳಿರುತ್ತೇವೆ. ವಚನದ ಸಾಲು, ಗಾದೆ, ಎಲ್ಲ ಆಗಿರುತ್ತದೆ. ಆಗ ಒಬ್ಬಳು ಹುಡುಗಿ ಬಂದು ‘ಎಲ್ಲರಿಗೂ ನಮಸ್ಕಾರ’ ಅಂದವಳೇ ನೇರವಾಗಿ ಒಂದು ಘಟನೆ ಹೇಳಿದರೆ, ಹಾಳೆ ಮೇಲೆ ಬಗ್ಗಿದ್ದ ಮೂರು ತಲೆಗಳೂ ಮೇಲೇಳುತ್ತವೆ. ಕೊನೆಗೆ ತೀರ್ಪು ಮಾತಾಡಿಕೊಳ್ಳುವಾಗ ನಾವು ‘ಆ ಒಡಿಶಾ ಲೆಕ್ಕ ಹೇಳಿದ ಹುಡುಗ’, ‘ಅಜ್ಜಿ ವೋಟಿನ ಕಥೆ ಹೇಳಿದವಳು’ ಅಂತಲೇ ಗುರುತು ಹಿಡಿಯುತ್ತೇವೆ. ಚೆನ್ನಾಗಿ ಕೈ ಆಡಿಸಿದವರು ಅಂತ ಯಾರನ್ನೂ ಗುರುತು ಹಿಡಿದಿದ್ದು ನನಗೆ ನೆನಪಿಲ್ಲ.

ಟೋಸ್ಟ್‌ಮಾಸ್ಟರ್ಸ್ ಅಂತ ಒಂದು ಸಂಸ್ಥೆ ಇದೆ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರು ಮಾಡಿದ್ದು, ಈಗ ಬೆಂಗಳೂರಿನಲ್ಲೂ ಬೇಕಾದಷ್ಟು ಕ್ಲಬ್ಬುಗಳಿವೆ. ಅವರ ದೊಡ್ಡ ಭಾಷಣ ಸ್ಪರ್ಧೆಗೆ ಬಹಳ ವರ್ಷ ಬಳಸಿದ ಅಂಕದ ಹಾಳೆಯಲ್ಲಿ ನೂರಕ್ಕೆ 50 ಅಂಕ ಏನು ಹೇಳಿದಿರಿ, ಹೇಗೆ ಕಟ್ಟಿದಿರಿ ಅನ್ನುವುದಕ್ಕೆ. ದನಿ, ಹಾವಭಾವ, ನಿಲುವು ಎಲ್ಲ ಸೇರಿ 30. ಭಾಷೆಗೆ 20. ನಮ್ಮ ಕಾಲೇಜು ಸ್ಪರ್ಧೆಗಳಲ್ಲಿ ಅಂಕ ಹಂಚುವ ರೀತಿ ಒಂದೊಂದು ಕಡೆ ಒಂದೊಂದು ತರಹ, ಆದರೂ ಸಾರ ಹೆಚ್ಚು ಕಡಿಮೆ ಇದೇ. ನಾವು ತಯಾರಿಯ ಸಮಯವನ್ನು ಹೇಗೆ ಹಂಚುತ್ತೇವೆ? ಉರು ಹೊಡೆಯೋಕೆ ನಾಲ್ಕು ದಿನ, ಕನ್ನಡಿ ಮುಂದೆ ಒಂದು ದಿನ, ಏನು ಹೇಳಬೇಕು ಅಂತ ಯೋಚಿಸೋಕೆ ಒಂದು ಸಂಜೆ.

ಹಾಗಾಗಿ ಶುರು ಮಾಡಬೇಕಾದದ್ದು ಇಲ್ಲಿಂದ. ವಿಷಯ ಕೈಗೆ ಬಂದ ದಿನ ಪೆನ್ನು ಹಿಡಿಯಬೇಡಿ. ಮನೆಯಲ್ಲಿ ಯಾರಾದರೂ ಇರುತ್ತಾರಲ್ಲ, ಅಜ್ಜಿಯೋ ಚಿಕ್ಕಮ್ಮನೋ, ಅವರ ಹತ್ತಿರ ಕೂತು ‘ನಾನು ಹೀಗೆ ಹೇಳಬೇಕು ಅಂತಿದೀನಿ’ ಅಂತ ಒಂದೇ ಮಾತಲ್ಲಿ ಹೇಳಿ. ಒಂದೇ ಮಾತು. ಅದು ಅವರಿಗೆ ಅರ್ಥವಾಗಿ, ತಿರುಗಿ ತಮ್ಮ ಮಾತಿನಲ್ಲಿ ಹೇಳಿದರೆ ನಿಮ್ಮ ಭಾಷಣ ಅರ್ಧ ಆಯಿತು. ಅವರು ‘ಏನೋಮ್ಮ, ಚೆನ್ನಾಗಿದೆ’ ಅಂದರೆ ಅರ್ಥವಾಗಿಲ್ಲ ಅಂತ. ಮತ್ತೆ ಯೋಚಿಸಿ.

ನಿಮ್ಮ ವಿಷಯವನ್ನೇ ತಗೊಳ್ಳೋಣ, ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ಆಗಬೇಕು ಅನ್ನುವುದು. ನೀವು ವಿರೋಧ. ಸಾಮಾನ್ಯವಾಗಿ ಏನು ಬರೆಯುತ್ತಾರೆ? ‘ಭಾರತ ವಿಶ್ವದ ಅತಿದೊಡ್ಡ ಪ್ರಜಾಪ್ರಭುತ್ವ ರಾಷ್ಟ್ರ. ಇಲ್ಲಿ ವಿವಿಧತೆಯಲ್ಲಿ ಏಕತೆ ಇದೆ. ಒಕ್ಕೂಟ ವ್ಯವಸ್ಥೆಗೆ ಧಕ್ಕೆ ಬರುತ್ತದೆ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೇಳುವವರ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ, ಯಾಕೆಂದರೆ ಹಿಡಿದುಕೊಳ್ಳೋಕೆ ಏನೂ ಇಲ್ಲ.

ಅದರ ಬದಲು ಹೀಗೆ ನೋಡಿ. 1984ರ ಡಿಸೆಂಬರಿನಲ್ಲಿ ಲೋಕಸಭೆ ಚುನಾವಣೆ ಆಯಿತು. ಕರ್ನಾಟಕದ 28 ಸೀಟಿನಲ್ಲಿ 24 ಕಾಂಗ್ರೆಸ್ಸಿಗೆ ಹೋಯಿತು. ಇಲ್ಲಿ ಆಗ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಇತ್ತು. ಜನ ನಮ್ಮ ಪಕ್ಷವನ್ನು ಒಪ್ಪಿಲ್ಲ ಅಂತ ಅವರು ರಾಜೀನಾಮೆ ಕೊಟ್ಟು ಹೊಸದಾಗಿ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ 224ರಲ್ಲಿ 139 ಸೀಟು ಜನತಾ ಪಕ್ಷಕ್ಕೆ ಕೊಟ್ಟರು. ನಡುವೆ ಮೂರು ತಿಂಗಳೂ ಇಲ್ಲ.

ಈಗ ನಿಮ್ಮ ಒಂದು ಮಾತು ತಾನಾಗಿ ಬಂತು: ‘ದೆಹಲಿಗೆ ಯಾರು, ವಿಧಾನಸೌಧಕ್ಕೆ ಯಾರು ಅಂತ ಬೇರೆ ಬೇರೆಯಾಗಿ ಯೋಚಿಸೋಕೆ ನಮ್ಮ ಜನಕ್ಕೆ ಬರುತ್ತದೆ. ಆ ಯೋಚನೆಗೆ ಸಮಯ ಬೇಕು. ಅದನ್ನು ಕಿತ್ತುಕೊಳ್ಳಬೇಡಿ.’ ಅಜ್ಜಿಗೆ ಅರ್ಥವಾಗುತ್ತದಾ? ಆಗುತ್ತದೆ. 1985ರಲ್ಲಿ ವೋಟು ಹಾಕಿದ್ದರೆ ಅವರೇ ನಿಮಗೆ ಇನ್ನೆರಡು ಮಾತು ಸೇರಿಸಿ ಹೇಳುತ್ತಾರೆ, ಅದು ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ಅದನ್ನೇ ಮೊದಲ ಅರ್ಧ ನಿಮಿಷಕ್ಕೆ ಇಟ್ಟುಕೊಳ್ಳಿ.

ಇಲ್ಲಿಗೆ ಭಾಷಣ ಆಯಿತು. ಚರ್ಚೆ ಇನ್ನೂ ಆಗಿಲ್ಲ. ಬಹಳ ಜನ ಎರಡೂ ಒಂದೇ ಅಂದುಕೊಂಡಿರುತ್ತಾರೆ. ಭಾಷಣದಲ್ಲಿ ನಿಮ್ಮ ಎದುರಿಗೆ ಕೇಳುವವರು ಮಾತ್ರ ಇರುತ್ತಾರೆ. ಚರ್ಚೆಯಲ್ಲಿ ನಿಮ್ಮನ್ನು ಒಪ್ಪದ ಒಬ್ಬರು ಇರುತ್ತಾರೆ, ಮತ್ತು ಅವರೂ ಓದಿಕೊಂಡು ಬಂದಿರುತ್ತಾರೆ. ಪರ ಮಾತಾಡುವವನು ನನ್ನ ವಿದ್ಯಾರ್ಥಿ ಆಗಿದ್ದರೆ ನಾನು ಅವನಿಗೆ ಏನು ಹೇಳಿಕೊಡುತ್ತೇನೆ ಗೊತ್ತಾ? 2019ರ ಒಡಿಶಾ. ಅಲ್ಲಿ ಎರಡೂ ಚುನಾವಣೆ ಒಟ್ಟಿಗೇ ಆದವು. ಲೋಕಸಭೆಯ 21ರಲ್ಲಿ ಬಿಜೆಪಿ 8 ಗೆದ್ದಿತು. ಅಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಏಳು ವಿಧಾನಸಭಾ ಕ್ಷೇತ್ರ. ಎಂಟು ಅಂದರೆ 56 ಆಯಿತು. ಆದರೆ ವಿಧಾನಸಭೆಯಲ್ಲಿ ಆ ಪಕ್ಷಕ್ಕೆ ಬಂದದ್ದು ಇಡೀ ರಾಜ್ಯದಿಂದ 23. ಬಿಜು ಜನತಾ ದಳ 112 ಗೆದ್ದು ಸರ್ಕಾರ ಮಾಡಿತು. ‘ನನ್ನ ಎದುರಾಳಿ ಮತದಾರರಿಗೆ ಮೂರು ತಿಂಗಳು ಬೇಕು ಅಂದರು. ಒಡಿಶಾದ ಮತದಾರರು ಒಂದೇ ದಿನ, ಒಂದೇ ಬೂತಿನಲ್ಲಿ ಆ ಕೆಲಸ ಮಾಡಿ ತೋರಿಸಿದರು.’ ಇಷ್ಟು ಹೇಳಿದರೆ ನಿಮ್ಮ 1985ರ ಬಲ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ, 1951-52ರಿಂದ 1967ರವರೆಗೆ ನಾಲ್ಕು ಸಲ ದೇಶದಲ್ಲಿ ಬಹುಪಾಲು ಒಟ್ಟಿಗೇ ಚುನಾವಣೆ ಆಗಿತ್ತು, ಇದು ಹೊಸದೇನಲ್ಲ ಅಂತಲೂ ಅವನು ಹೇಳುತ್ತಾನೆ.

ಆಗ ನೀವು ಏನು ಮಾಡಬೇಕು? ಎಷ್ಟೋ ಜನ ಈ ಹೊತ್ತಿನಲ್ಲಿ ದನಿ ಏರಿಸುತ್ತಾರೆ. ಬೇಡ. ಅವನ ಮಾತಿನಲ್ಲಿ ಸರಿಯಿದ್ದಷ್ಟನ್ನು ಒಪ್ಪಿಕೊಳ್ಳಿ, ಆಮೇಲೆ ನೆಲ ಬದಲಿಸಿ. ‘ಒಡಿಶಾದ ಮತದಾರರು ಜಾಣರು, ಒಪ್ಪಿದೆ. ಆದರೆ ಸರ್ಕಾರ ಮಧ್ಯದಲ್ಲೇ ಬಿದ್ದರೆ? 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯ ಪ್ರಕಾರ ಹೊಸದಾಗಿ ಆರಿಸಿ ಬಂದ ಸಭೆ ಉಳಿದ ಅವಧಿಗೆ ಮಾತ್ರ ಇರುತ್ತದೆ. ನಾನು ಕ್ಯೂನಲ್ಲಿ ನಿಂತು ಹಾಕಿದ ವೋಟಿಗೆ ಒಂದೂವರೆ ವರ್ಷದ ಬೆಲೆಯಾ?’ ಈಗ ಅವನು ಉತ್ತರ ಹುಡುಕಬೇಕು. 1967ರ ಮಾತೂ ನಿಮ್ಮ ಕಡೆಗೇ ತಿರುಗುತ್ತದೆ, ಯಾಕೆಂದರೆ ಆ ಪದ್ಧತಿ ಮುರಿದದ್ದೇ ಸರ್ಕಾರಗಳು ಮಧ್ಯದಲ್ಲಿ ಬಿದ್ದು, ಸಭೆಗಳು ಅವಧಿಗೆ ಮೊದಲೇ ವಿಸರ್ಜನೆ ಆಗಿದ್ದರಿಂದ.

ನೋಡಿದಿರಾ, ಇಲ್ಲಿ ಎಲ್ಲೂ ಬಾಯಿಪಾಠಕ್ಕೆ ಜಾಗವೇ ಇಲ್ಲ. ಅವನು ಒಡಿಶಾ ಹೇಳುತ್ತಾನೋ ಖರ್ಚಿನ ಲೆಕ್ಕ ಹೇಳುತ್ತಾನೋ, ನೀತಿ ಸಂಹಿತೆ ಬಂದು ಕೆಲಸ ನಿಲ್ಲುತ್ತದೆ ಅನ್ನುತ್ತಾನೋ ನಿಮಗೆ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಎರಡೂ ಕಡೆ ತಯಾರಾಗೋಕೆ ಹೇಳುತ್ತೇನೆ. ನೀವು ವಿರೋಧ ಆದರೂ ಮೊದಲು ಪರ ಮಾತಾಡಿ ನೋಡಿ. ಪೂರ್ತಿ ಮನಸ್ಸಿಟ್ಟು, ಗೆಲ್ಲಬೇಕು ಅಂತಲೇ. ನಿಮಗೆ ನಿಜಕ್ಕೂ ಹೆದರಿಕೆ ಹುಟ್ಟಿಸುವ ಪಾಯಿಂಟು ಯಾವುದು ಅಂತ ಆಗಲೇ ಗೊತ್ತಾಗುವುದು. ರಾಜಕೀಯದ ವಿಷಯಗಳಲ್ಲಂತೂ ಇದು ಬೇಕೇ ಬೇಕು. ಯಾವ ಪಕ್ಷಕ್ಕೂ ಬೈಯಬೇಡಿ, ನಾಯಕರ ಹೆಸರು ಹಿಡಿದು ಅಣಕಿಸಬೇಡಿ. ಬೈದರೆ ಹಾಲ್‌ನಲ್ಲಿ ಚಪ್ಪಾಳೆ ಬೀಳುತ್ತದೆ, ಹಾಳೆಯಲ್ಲಿ ಅಂಕ ಬೀಳುವುದಿಲ್ಲ.

ಎದುರಾಳಿ ಮಾತಾಡುವಾಗ ನೀವು ಏನು ಮಾಡುತ್ತಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಹಿಂದಿನ ಬೆಂಚಿನಲ್ಲಿ ಕೂತು, ಚೀಟಿ ನೋಡಿಕೊಂಡು, ತುಟಿ ಆಡಿಸುತ್ತಾ ಪಾಠ ಒಪ್ಪಿಸುತ್ತಿದ್ದಿರಿ, ಅಲ್ವಾ? ಎಲ್ಲರೂ ಅದನ್ನೇ ಮಾಡುತ್ತಾರೆ. ಇಡೀ ಹಾಲ್‌ನಲ್ಲಿ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರುವುದಿಲ್ಲ. ನಿಮ್ಮ ಪಾಳಿ ಬರುವವರೆಗೆ ಒಂದು ಹಾಳೆ ಮಧ್ಯೆ ಗೆರೆ ಎಳೆದು, ಎಡಗಡೆ ಅವರು ಹೇಳಿದ ಪಾಯಿಂಟು, ಬಲಗಡೆ ನಿಮ್ಮ ಉತ್ತರಕ್ಕೆ ಒಂದೆರಡು ಪದ ಬರೆಯುತ್ತಾ ಹೋಗಿ. ‘ಮೂರನೇ ಸ್ಪರ್ಧಿ ಹೀಗೆ ಹೇಳಿದರು’ ಅಂತ ನೀವು ಒಂದೇ ಒಂದು ಸಲ ಹೇಳಿದರೂ ತೀರ್ಪುಗಾರರಿಗೆ ಖುಷಿಯಾಗುತ್ತದೆ. ನನಗಂತೂ ಆಗುತ್ತದೆ.

ಇದನ್ನು ಕಲಿಯೋಕೆ ನಮ್ಮಲ್ಲೇ ಒಂದು ದೊಡ್ಡ ಶಾಲೆ ಇದೆ. ತಾಳಮದ್ದಳೆ ಕೇಳಿದ್ದೀರಾ? ಕರಾವಳಿ, ಮಲೆನಾಡಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಅಂದರೆ ಹಾಡುವವರು, ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪದಕ್ಕೆ ಅರ್ಥ ಹೇಳುತ್ತಾರೆ, ವಾದ ಮಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವುದು. ವಾಲಿವಧೆ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ಇವತ್ತಿನ ವಾಲಿ ಆ ಪ್ರಶ್ನೆಯನ್ನು ಯಾವ ಕಡೆಯಿಂದ ಎತ್ತುತ್ತಾನೆ ಅಂತ ರಾಮನ ಅರ್ಥ ಹೇಳುವವರಿಗೆ ಗೊತ್ತಿರುವುದಿಲ್ಲ. ಅವರು ಕೇಳಿಸಿಕೊಳ್ಳಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಇದರಲ್ಲಿ ದೊಡ್ಡ ಹೆಸರು. ಯೂಟ್ಯೂಬಿನಲ್ಲಿ ತಾಳಮದ್ದಳೆ ಗಂಟೆಗಟ್ಟಲೆ ಸಿಗುತ್ತದೆ. ಬಸ್ಸಿನಲ್ಲಿ ಹೋಗಿಬರುವಾಗ ಹಾಕಿಕೊಂಡು ಕೇಳಿ. ಅವರ ಹಳೆಗನ್ನಡ ಬೆರೆತ ಭಾಷೆಯನ್ನು ನಕಲು ಮಾಡಬೇಡಿ. ಎದುರಿನವರ ಮಾತಿನ ಕೊನೆಯ ಎಳೆ ಹಿಡಿದೇ ತಮ್ಮ ಮಾತು ಹೇಗೆ ಶುರು ಮಾಡುತ್ತಾರೆ ಅನ್ನುವುದನ್ನು ಮಾತ್ರ ಗಮನಿಸಿ.

ಸರಿ, ಬಾಯಿಪಾಠ ಬಿಟ್ಟರೆ ನೆನಪಿಟ್ಟುಕೊಳ್ಳುವುದು ಹೇಗೆ? ಕೈ ನೋಡಿಕೊಳ್ಳಿ. ಎಡಗೈಯ ನಾಲ್ಕು ಬೆರಳು. ಒಂದೊಂದು ಬೆರಳಿಗೆ ಒಂದು ಪದ. ನಿಮ್ಮ ವಿಷಯಕ್ಕೆ: ತೋರುಬೆರಳಿಗೆ ‘1985’, ಮಧ್ಯದ ಬೆರಳಿಗೆ ‘ಒಂದೇ ಮಾತು’, ಉಂಗುರದ ಬೆರಳಿಗೆ ‘ಉಳಿದ ಅವಧಿ’, ಕಿರುಬೆರಳಿಗೆ ‘ಅಜ್ಜಿ’. ಹೆಬ್ಬೆರಳು ಒಂದೊಂದೇ ಬೆರಳನ್ನು ಮುಟ್ಟುತ್ತಾ ಹೋಗಲಿ, ಜಪ ಎಣಿಸಿದ ಹಾಗೆ. ಪೋಡಿಯಂ ಹಿಂದೆ ಅದು ಯಾರಿಗೂ ಕಾಣುವುದಿಲ್ಲ. ದಿನಾ ಬೇರೆ ಬೇರೆ ವಾಕ್ಯಗಳಲ್ಲಿ ಅದೇ ನಾಲ್ಕು ಬೆರಳಿನ ಮಾತು ಹೇಳಿ ಅಭ್ಯಾಸ ಮಾಡಿ. ಪದಗಳು ಬದಲಾದರೂ ದಾರಿ ಬದಲಾಗುವುದಿಲ್ಲ. ಒಂದು ವಾಕ್ಯ ಕೈತಪ್ಪಿದರೆ ಇನ್ನೊಂದು ಸಿಗುತ್ತದೆ. ಬಾಯಿಪಾಠ ಮಾಡಲೇಬೇಕಾದದ್ದು ಎರಡೇ: ಮೊದಲ ವಾಕ್ಯ, ಕೊನೆಯ ವಾಕ್ಯ. ಮತ್ತೆ ಅಂಕಿಗಳು. ಅಂಕಿ ತಪ್ಪಬಾರದು, 139 ಅನ್ನುವುದನ್ನು 193 ಅಂದರೆ ಗೊತ್ತಿರುವ ತೀರ್ಪುಗಾರರು ಅಲ್ಲಿಗೇ ಪೆನ್ನು ಕೆಳಗಿಡುತ್ತಾರೆ.

ಇಷ್ಟಾದರೂ ಮರೆಯಬಹುದು. ಮರೆತಾಗ ಏನು ಮಾಡಬೇಕು ಅನ್ನುವುದನ್ನೂ ಅಭ್ಯಾಸ ಮಾಡಬೇಕು, ಇದನ್ನು ಯಾರೂ ಮಾಡುವುದಿಲ್ಲ. ಮನೆಯಲ್ಲಿ ಮಾತಾಡುವಾಗ ತಮ್ಮನಿಗೋ ತಂಗಿಗೋ ಹೇಳಿ, ಯಾವಾಗಲಾದರೂ ಒಮ್ಮೆ ಚಪ್ಪಾಳೆ ತಟ್ಟು ಅಂತ. ಚಪ್ಪಾಳೆ ಬಿದ್ದ ತಕ್ಷಣ ನಿಲ್ಲಿಸಿ. ಬಾಯಿ ಮುಚ್ಚಿ, ಉಸಿರು ನಿಧಾನವಾಗಿ ಹೊರಗೆ ಬಿಡಿ. ಮನಸ್ಸಲ್ಲೇ ಮೂರು ಎಣಿಸಿ. ನಿಮಗೆ ಅದು ಒಂದು ಯುಗ ಅನ್ನಿಸುತ್ತದೆ, ಕೇಳುವವರಿಗೆ ನೀವು ಯೋಚಿಸಿ ಮಾತಾಡುತ್ತಿದ್ದೀರಿ ಅನ್ನಿಸುತ್ತದೆ. ಆಮೇಲೆ ಈಗಷ್ಟೇ ಹೇಳಿದ್ದನ್ನು ಬೇರೆ ಮಾತಲ್ಲಿ ಮತ್ತೆ ಹೇಳಿ, ‘ಅಂದರೆ ನನ್ನ ಮಾತು ಇಷ್ಟೇ’ ಅಂತ. ಅಷ್ಟರಲ್ಲಿ ಹೆಬ್ಬೆರಳು ಮುಂದಿನ ಬೆರಳಿಗೆ ಹೋಗಿರುತ್ತದೆ. ‘ಕ್ಷಮಿಸಿ, ಮರೆತುಹೋಯಿತು’ ಅಂತ ಮಾತ್ರ ಹೇಳಬೇಡಿ. ನೀವು ಏನು ಬಿಟ್ಟಿರಿ ಅಂತ ನಿಮ್ಮನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಕೈಕಾಲು ನಡುಗುವುದು, ಬಾಯಿ ಒಣಗುವುದು ಎಲ್ಲರಿಗೂ ಆಗುತ್ತದೆ. ಮೈ ಅಪಾಯಕ್ಕೆ ತಯಾರಾಗುವಾಗ ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿತ ಜೋರಾಗುತ್ತದೆ. ಮಾತು ಶುರುವಾದ ಮೇಲೆ ಅದು ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಒಂದು ಗುಟುಕು ನೀರು, ಉಸಿರು ಎಳೆದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹೊರಗೆ ಬಿಡುವುದು, ಇಷ್ಟು ಸಾಕು. ಮೈಕು ನಿಮ್ಮ ಎತ್ತರಕ್ಕೆ ಇಲ್ಲದಿದ್ದರೆ ಮಾತು ಶುರು ಮಾಡುವ ಮೊದಲೇ ಬಗ್ಗಿಸಿಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬಾಯಿಗೂ ಮೈಕಿಗೂ ನಡುವೆ ಸುಮಾರು ಒಂದು ಹಿಡಿ ಜಾಗ ಇರಲಿ. ಅದನ್ನು ತಟ್ಟಿ ‘ಹಲೋ ಹಲೋ’ ಅನ್ನಬೇಡಿ.

ಉಚ್ಚಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕನ್ನಡ ಸ್ಪರ್ಧೆಗಳಲ್ಲಿ ಅಂಕ ಸೋರಿ ಹೋಗುವ ಜಾಗ ಇದು. ಹಕಾರ ಅಕಾರ ಅದಲು ಬದಲಾಗುವುದು, ‘ಹಾಲು’ ಹೋಗಿ ‘ಆಲು’ ಆಗುವುದು, ಶಕಾರ ಎಲ್ಲ ಸಕಾರ ಆಗುವುದು, ‘ಭಾಷಣ’ದ ಭಕಾರ ಬಕಾರ ಆಗುವುದು. ನಮ್ಮ ಊರಿನ ಮಾತಿನಲ್ಲಿ ಇದೆಲ್ಲ ಸಹಜ, ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ನನ್ನ ಮಾತು ಕೇಳುವುದಾದರೆ, ಊರಿನ ಮಾತನ್ನು ಬಿಡಬೇಡಿ. ಅಜ್ಜಿ ಹೇಳಿದ ಮಾತನ್ನು ಅಜ್ಜಿಯ ಹಾಗೇ ಹೇಳಿ, ಅದು ಹಾಲ್‌ನಲ್ಲಿ ಎಲ್ಲರ ಎದೆಗೆ ತಾಗುತ್ತದೆ. ಆದರೆ ನಿಮ್ಮ ವಾದ ಹೇಳುವಾಗ ಹಕಾರ ಸರಿಯಾಗಿ ಬರಲಿ. ದಿನಾ ಹತ್ತು ನಿಮಿಷ ಪೇಪರಿನ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿದರೆ ಒಂದೆರಡು ತಿಂಗಳಲ್ಲಿ ನಾಲಿಗೆ ತಿರುಗುತ್ತದೆ. ಸುದ್ದಿ ಓದುವುದರಿಂದ ಇನ್ನೊಂದು ಲಾಭವೂ ಇದೆ, ಒಡಿಶಾದಂಥ ಲೆಕ್ಕಗಳು ಸಿಗುವುದು ಅಲ್ಲೇ.

ವಾಕ್ಯ ಸಣ್ಣದಿರಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಉದ್ದ ವಾಕ್ಯ ಹೇಳಿದರೆ ನೀವು ಹೌದು ಅಂತೀರೋ ಇಲ್ಲ ಅಂತೀರೋ ಅಂತ ಕೇಳುವವರು ಕಾಯುತ್ತಲೇ ಇರಬೇಕಾಗುತ್ತದೆ. ಓದುವಾಗ ಹಿಂದೆ ಹೋಗಿ ಮತ್ತೆ ಓದಬಹುದು, ಕೇಳುವಾಗ ಆಗುವುದಿಲ್ಲ.

ಇನ್ನು ಆಶುಭಾಷಣ. ಖಂಡಿತ ಹೆಸರು ಕೊಡಿ. ನಿಮ್ಮಂಥ ಬಾಯಿಪಾಠದ ಅಭ್ಯಾಸ ಇರುವವರಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ, ಯಾಕೆಂದರೆ ಬಾಯಿಪಾಠ ಮಾಡೋಕೆ ಇಲ್ಲಿ ಏನೂ ಇರುವುದೇ ಇಲ್ಲ. ಚೀಟಿ ಎತ್ತುತ್ತೀರಿ, ಯೋಚಿಸೋಕೆ ಒಂದೆರಡು ನಿಮಿಷ ಕೊಡುತ್ತಾರೆ, ಆಮೇಲೆ ಎರಡು ಮೂರು ನಿಮಿಷ ಮಾತು. ಚೀಟಿಯಲ್ಲಿ ‘ಬಸ್ ಪಾಸ್’ ಅಂತ ಬಂತು ಅನ್ನಿ. ಹತ್ತರಲ್ಲಿ ಎಂಟು ಜನ ‘ಬಸ್ ಪಾಸ್ ಎಂದರೆ ವಿದ್ಯಾರ್ಥಿಗಳಿಗೆ ಸಾರಿಗೆ ಸಂಸ್ಥೆ ನೀಡುವ ಒಂದು ಸೌಲಭ್ಯ’ ಅಂತ ಶುರು ಮಾಡುತ್ತಾರೆ. ಮೂವತ್ತು ಸೆಕೆಂಡಿಗೆ ಸರಕು ಮುಗಿಯುತ್ತದೆ. ನಂತರ ಬಸ್ಸಿನ ಉಪಯೋಗ, ಪೆಟ್ರೋಲ್‌ ಉಳಿತಾಯ, ಪರಿಸರ ಮಾಲಿನ್ಯ, ಎಲ್ಲಿಗೋ ಹೋಗಿಬಿಡುತ್ತಾರೆ.

ನೀವು ಚೀಟಿ ಬಿಚ್ಚಿದ ತಕ್ಷಣ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾನು ಕಡೆಯ ಸಲ ಕಣ್ಣಾರೆ ನೋಡಿದ್ದು ಯಾವಾಗ, ಯಾರ ಕೈಯಲ್ಲಿ? ಉತ್ತರ ತಾನಾಗಿ ಬರುತ್ತದೆ. ‘ನನ್ನ ಅಕ್ಕ ಪಿಯುಸಿ ಮುಗಿಸಿದ ವರ್ಷ ಮನೆಯಲ್ಲಿ ಒಂದು ವಾರ ಮಾತುಕತೆ ಆಯಿತು. ಕಾಲೇಜು ದೂರ, ದಿನಾ ಬಸ್ ಚಾರ್ಜು ಎಲ್ಲಿಂದ ತರೋದು ಅಂತ ಅಪ್ಪ ಅಂದರು. ಎಂಟನೇ ದಿನ ಅಕ್ಕ ಒಂದು ಫೋಟೋ ಅಂಟಿಸಿದ ಕಾರ್ಡು ತಂದು ಟೇಬಲ್ ಮೇಲೆ ಇಟ್ಟಳು. ಮಾತುಕತೆ ಮುಗಿಯಿತು.’ ಇಷ್ಟಕ್ಕೆ ನಲವತ್ತು ಸೆಕೆಂಡು ಆಯಿತು. ಈಗ ನಿಮ್ಮ ಒಂದು ಮಾತು: ನಮ್ಮ ಹಳ್ಳಿಯಲ್ಲಿ ಹುಡುಗಿಯರ ಓದು ನಿಲ್ಲುವುದು ಬುದ್ಧಿ ಸಾಲದೆ ಅಲ್ಲ, ಬಸ್ ಚಾರ್ಜು ಸಾಲದೆ. ಅಲ್ಲಿಂದ ಇವತ್ತಿಗೆ ಬನ್ನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಆಯಿತು, ಈಗ ಆ ಕಾರ್ಡಿನ ಜಾಗದಲ್ಲಿ ಗುರುತಿನ ಚೀಟಿ ಬಂದಿದೆ. ಕೊನೆಗೆ ಒಂದು ಪ್ರಶ್ನೆ: ಚಾರ್ಜು ಇಲ್ಲ ಸರಿ, ಕಡೆಯ ಬಸ್ಸು ನಮ್ಮೂರಿಗೆ ಎಷ್ಟು ಗಂಟೆಗೆ ಬರುತ್ತದೆ? ಅಷ್ಟೇ. ನಿನ್ನೆ, ಇವತ್ತು, ನಾಳೆ. ಈ ಮೂರು ಮೆಟ್ಟಿಲಿನ ಮೇಲೆ ಯಾವ ಚೀಟಿಯನ್ನಾದರೂ ಹತ್ತಿಸಬಹುದು, ‘ಕನ್ನಡಿ’, ‘ಬೀಗ’, ‘ಹಿತ್ತಲು’, ಏನೇ ಬರಲಿ. ಘಟನೆ ಮಾತ್ರ ನಿಮ್ಮದೇ ಇರಲಿ, ನಿಜವಾದದ್ದೇ ಇರಲಿ. ಕಟ್ಟಿ ಹೇಳಿದ್ದು ದನಿಯಲ್ಲಿ ಗೊತ್ತಾಗಿಬಿಡುತ್ತದೆ.

ಇದರ ಅಭ್ಯಾಸಕ್ಕೆ ದುಡ್ಡು ಬೇಡ, ಕೋಚಿಂಗ್ ಬೇಡ. ಹಳೆಯ ನೋಟ್‌ಬುಕ್ಕಿನಿಂದ ಐವತ್ತು ಚೀಟಿ ಮಾಡಿ ಡಬ್ಬಿಯಲ್ಲಿ ಹಾಕಿಡಿ. ದಿನಾ ಒಂದು ಎತ್ತಿ. ಒಂದು ನಿಮಿಷ ಯೋಚನೆ, ಎರಡು ನಿಮಿಷ ಮಾತು, ಮೊಬೈಲಿನಲ್ಲಿ ರೆಕಾರ್ಡ್. ಟಿವಿ ಓಡುತ್ತಿರಲಿ, ಕುಕ್ಕರ್ ಕೂಗುತ್ತಿರಲಿ, ನಿಲ್ಲಿಸಬೇಡಿ. ಸ್ಪರ್ಧೆಯ ಹಾಲ್‌ನಲ್ಲೂ ಗಲಾಟೆ ಇರುತ್ತದೆ. ವಾರಕ್ಕೆ ಒಂದು ಸಲ, ಒಂದು ರೆಕಾರ್ಡಿಂಗಿನ ಒಂದು ನಿಮಿಷವನ್ನು ಹೇಗಿದೆಯೋ ಹಾಗೇ ಬರೆದು ನೋಡಿ. ‘ಏನಪ್ಪಾ ಅಂದ್ರೆ’, ‘ಆಮೇಲೆ’, ‘ಸೋ’, ‘ಒಂಥರಾ’ ಎಷ್ಟು ಸಲ ಬಂತು ಎಣಿಸಿ. ನನ್ನ ಒಬ್ಬ ವಿದ್ಯಾರ್ಥಿನಿಗೆ ಮೊದಲ ಸಲ ಒಂದು ನಿಮಿಷಕ್ಕೆ ಹನ್ನೊಂದು ‘ಏನಪ್ಪಾ ಅಂದ್ರೆ’ ಬಂದಿತ್ತು. ಬೈದರೆ ಅದು ಹೋಗುವುದಿಲ್ಲ. ಅದು ಬರುವ ಜಾಗದಲ್ಲಿ ಸುಮ್ನೆ ನಿಲ್ಲೋಕೆ ಕಲಿತಳು, ಅಷ್ಟೇ. ಎರಡು ತಿಂಗಳಿಗೆ ಒಂದಕ್ಕೆ ಇಳಿಯಿತು.

ಸಮಯದ ಬಗ್ಗೆ ಒಂದೇ ಮಾತು. ಎಚ್ಚರಿಕೆ ಗಂಟೆ ಹೊಡೆದಾಗ ಗಾಬರಿಯಾಗಿ ಇನ್ನಷ್ಟು ಜೋರಾಗಿ ಓಡಬೇಡಿ, ನೇರ ಕಿರುಬೆರಳಿಗೆ ಹಾರಿ. ಕೊನೆಯ ವಾಕ್ಯ ಹೇಳದೆ ಇಳಿದರೆ ಕೇಳಿದವರಿಗೂ ಊಟಕ್ಕೆ ಮೊಸರು ಬರದೆ ಎದ್ದ ಹಾಗಾಗುತ್ತದೆ.

ಇಂಗ್ಲಿಷ್ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕನ್ನಡದಲ್ಲಿ ಸ್ಪರ್ಧೆಗಳು ಬೇಕಾದಷ್ಟಿವೆ. ರಾಜ್ಯೋತ್ಸವದ ನವೆಂಬರ್, ಜನವರಿ 12ರ ಯುವ ದಿನ, ಜನವರಿ 25ರ ಮತದಾರರ ದಿನ, ಮಾರ್ಚ್ 8ರ ಮಹಿಳಾ ದಿನ, ಇವುಗಳ ಸುತ್ತ ಕಾಲೇಜುಗಳು, ಇಲಾಖೆಗಳು ಭಾಷಣ, ಚರ್ಚೆ ಇಟ್ಟುಕೊಂಡೇ ಇರುತ್ತವೆ. ವಿಷಯವೂ ಆ ದಿನದ ಆಸುಪಾಸಿನದ್ದೇ, ಹಾಗಾಗಿ ಮೊದಲೇ ಓದಿಟ್ಟುಕೊಳ್ಳಬಹುದು. ನಿಮ್ಮ ನೋಟಿಸ್ ಬೋರ್ಡ್ ನೋಡುತ್ತಿರಿ. ಆದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಯುವಜನೋತ್ಸವದ ಮೇಲಿನ ಹಂತಗಳಲ್ಲಿ ಚರ್ಚೆ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ. ಲಾ ಕಾಲೇಜುಗಳವರು ಆಡುವ ಪಾರ್ಲಿಮೆಂಟರಿ ಡಿಬೇಟ್ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಅದರ ಬ್ರಿಟಿಷ್ ಮಾದರಿಯಲ್ಲಿ ಇಬ್ಬಿಬ್ಬರ ನಾಲ್ಕು ತಂಡ, ವಿಷಯ ಗೊತ್ತಾಗುವುದು ಹದಿನೈದು ನಿಮಿಷ ಮೊದಲು, ಒಬ್ಬೊಬ್ಬರಿಗೆ ಏಳು ನಿಮಿಷ, ಮಧ್ಯೆ ಎದುರಾಳಿ ಎದ್ದು ಪ್ರಶ್ನೆ ಹಾಕಬಹುದು. ಅಲ್ಲಿಗೆ ಹೋಗುವ ಆಸೆ ಇದ್ದರೆ ಇಂಗ್ಲಿಷ್ ಕಲಿಯಲೇಬೇಕು, ಕಲಿಯಬಹುದು ಕೂಡ. ಕನ್ನಡದಲ್ಲಿ ವಾದ ಕಟ್ಟೋಕೆ ಬಂದವರಿಗೆ ಆಮೇಲೆ ಬೇಕಾಗುವುದು ಪದಗಳು ಮಾತ್ರ. ಯೋಚನೆಯೇ ಇಲ್ಲದೆ ಇಂಗ್ಲಿಷ್ ಮಾತ್ರ ಇದ್ದವರು ನಾಲ್ಕು ನಿಮಿಷ ತುಂಬಿಸೋಕೆ ಒದ್ದಾಡುವುದನ್ನೂ ನಾನು ನೋಡಿದ್ದೇನೆ.

ಸೋತಾಗ ಒಂದು ಕೆಲಸ ಮಾಡಿ. ಬಹುಮಾನ ಹಂಚಿದ ಮೇಲೆ ಒಬ್ಬ ತೀರ್ಪುಗಾರರ ಹತ್ತಿರ ಹೋಗಿ ‘ಸರ್, ನಾನು ಏಳನೇ ನಂಬರು, ಎಲ್ಲಿ ಸರಿಮಾಡಿಕೊಳ್ಳಬೇಕು?’ ಅಂತ ಕೇಳಿ. ಯಾಕೆ ಬಹುಮಾನ ಬರಲಿಲ್ಲ ಅಂತ ಕೇಳಬೇಡಿ, ಆ ಪ್ರಶ್ನೆಗೆ ಎಲ್ಲರೂ ಮುದುಡಿಕೊಳ್ಳುತ್ತಾರೆ. ತಾವೇ ಸ್ಪರ್ಧೆ ನಡೆಸಿ ತಮ್ಮವರಿಗೇ ಶೀಲ್ಡು ಕೊಟ್ಟುಕೊಳ್ಳುವ ಜಾಗಗಳೂ ಇವೆ, ನನಗೂ ಅದು ಆಗಿದೆ, ಮನಸ್ಸಿಗೆ ನೋವಾಗುತ್ತದೆ. ಆದರೂ ಅಲ್ಲಿ ಸಿಕ್ಕ ನಾಲ್ಕು ನಿಮಿಷದ ಮೈಕು ನಿಮ್ಮದೇ.

ಈ ವಾರ ಇಷ್ಟು ಮಾಡಿ. ಆ ಮೂರು ಪುಟದ ಭಾಷಣ ಇನ್ನೂ ನಿಮ್ಮ ಹತ್ತಿರ ಇದ್ದರೆ ತೆಗೆದು, ಅದರಲ್ಲಿ ನಿಮ್ಮ ಸ್ವಂತದ್ದು ಅನ್ನುವ ವಾಕ್ಯಗಳಿಗೆ ಮಾತ್ರ ಗೆರೆ ಎಳೆಯಿರಿ. ಎರಡೋ ಮೂರೋ ಸಿಗಬಹುದು. ಅಷ್ಟನ್ನೇ ಇಟ್ಟುಕೊಂಡು, ಪುಟ ಮುಚ್ಚಿ, ನಾಲ್ಕು ಬೆರಳಿನ ಮೇಲೆ ಅದೇ ವಿಷಯವನ್ನು ಮತ್ತೆ ಮಾತಾಡಿ. ಮೊದಲು ವಿರೋಧ, ಮಾರನೇ ದಿನ ಪರ. ಎರಡೂ ರೆಕಾರ್ಡಿಂಗ್ ನನಗೆ ಕಳಿಸಿ, ಕೂತು ಕೇಳುತ್ತೇನೆ.